ತೊಗರಿ ಬೇರಿನ ಗಂಟು: ಒಳಗಿನ ಬಣ್ಣ ನೋಡಿ

ಓದುಗರ ಪತ್ರ: "ಜೂನ್ ಕೊನೆಗೆ ಬಿತ್ತಿದ ತೊಗರಿ ಈಗ ನಲವತ್ತು ದಿನದ್ದಾಗೇದ. ಮಳಿ ಹಿಡದಾಗಿಂದ ತಗ್ಗಿನ ಕಡೆ ಎಲಿ ಹಳದಿ ಬಿದ್ದಾವ. ನಾಕು ಗಿಡ ಕಿತ್ತು ನೋಡಿದ್ರ ಬೇರಿಗೆ ಗಂಟು ಅಲ್ಲೊಂದು ಇಲ್ಲೊಂದು, ಒಡದ್ರ ಒಳಗ ಹಸರು. ಎಕರೆಗೆ ಒಂದು ಚೀಲ ಯೂರಿಯಾ ಹಾಕ್ರಿ ಅಂತಾರ ಅಂಗಡ್ಯಾಗ. ಬಾಜೂ ಹೊಲದವರು ಹುಳದ ಗಂಟು ಅಂತಾರ. ಬೀಜಕ್ಕ ಔಷಧ, ರೈಜೋಬಿಯಂ ಎರಡೂ ಕೂಡಿಸಿ ಹಚ್ಚಿದ್ದೆ. ಏನು ಮಾಡ್ಲಿ?" (ಆಳಂದ ತಾಲೂಕಿನ ರೈತರು)

ಸಂಪಾದಕರ ಉತ್ತರ: ಯೂರಿಯಾ ಚೀಲವನ್ನು ಸದ್ಯ ಬಿಚ್ಚಬೇಡಿ. ಮೊದಲು ತಗ್ಗಿನ ನೀರು ಹೊರಗೆ ಹೋಗಲಿ.

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಉಣ್ಣಲಾರದು. ತೊಗರಿ ಬೇರು ಒಸರುವ ರಸದ ಸುಳಿವು ಹಿಡಿದು ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಹತ್ತಿರ ಬರುತ್ತವೆ, ತಮ್ಮ ಸಂಕೇತ ಕಳಿಸುತ್ತವೆ. ಆಗ ಬೇರಿನ ರೋಮ ಕೊಕ್ಕೆಯಂತೆ ಸುರುಳಿಯಾಗಿ ಅವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೇರಿನ ಕೋಶಗಳು ಒಡೆದೊಡೆದು ಬೆಳೆದು ಗಂಟಾಗುತ್ತದೆ. ಗಿಡ ಸಕ್ಕರೆ ಕೊಡುತ್ತದೆ, ಬ್ಯಾಕ್ಟೀರಿಯಾ ಅಮೋನಿಯಾ ಕೊಡುತ್ತವೆ.

ಈ ಕೆಲಸ ಮಾಡುವ ಕಿಣ್ವ ನೈಟ್ರೋಜಿನೇಸ್. ಸಾರಜನಕದ ಒಂದೊಂದು ಅಣು ಮುರಿಯಲು ಜೀವಕೋಶಗಳ ಶಕ್ತಿಯ ನಾಣ್ಯದಂತಿರುವ ಎಟಿಪಿ ಎಂಬ ಅಣು ಕನಿಷ್ಠ 16 ಖರ್ಚು, ಅಷ್ಟು ಶಕ್ತಿಗೆ ಬ್ಯಾಕ್ಟೀರಿಯಾ ಉಸಿರಾಡಲೇಬೇಕು. ಆದರೆ ಆಮ್ಲಜನಕ ನೇರವಾಗಿ ತಗುಲಿದರೆ ಆ ಕಿಣ್ವವೇ ಕೆಡುತ್ತದೆ! ಇದಕ್ಕೆ ಗಂಟು ಕಂಡುಕೊಂಡ ದಾರಿ ಲೆಗ್‌ಹೀಮೋಗ್ಲೋಬಿನ್. ನಮ್ಮ ರಕ್ತದ ಹೀಮೋಗ್ಲೋಬಿನ್‌ನ ನೆಂಟ ಅದು. ಆಮ್ಲಜನಕವನ್ನು ಹಿಡಿದಿಟ್ಟು ಬೇಕಾದಷ್ಟೇ ಕೊಡುತ್ತದೆ. ಅದಕ್ಕೇ ದುಡಿಯುವ ಗಂಟಿನ ಒಳಗು ಗುಲಾಬಿ ಇಲ್ಲವೆ ಕೆಂಪು. ಬಿಳಿಯಿದ್ದರೆ ಎಳೆಯದು ಅಥವಾ ಕೆಲಸಕ್ಕೆ ಬಾರದ್ದು. ಹಸಿರು, ಕಂದು ಇದ್ದರೆ ಆ ವರ್ಣದ್ರವ್ಯ ಕೊಳೆತು ಗಂಟು ನಿಂತುಹೋಗಿದೆ ಎಂದರ್ಥ. ನಲವತ್ತು ದಿನಕ್ಕೇ ಹಸಿರಾಗಿದ್ದಕ್ಕೆ ಕಾರಣ ನಿಂತ ನೀರು ಎಂಬುದೇ ನಮ್ಮ ಅಭಿಪ್ರಾಯ. ಎರೆ ಮಣ್ಣು ನೀರು ಹಿಡಿದು ಉಬ್ಬಿದಾಗ ಅದರ ಸಂದುಗಳಲ್ಲಿ ಗಾಳಿಯೇ ಉಳಿಯದು.

ಗಿಡ ಕಿತ್ತು ನೋಡಿದ್ದು ಸರಿಯಾದ ಪರೀಕ್ಷೆಯಲ್ಲ. ಎರೆ ನೆಲದಲ್ಲಿ ಕಿತ್ತರೆ ಗಂಟೆಲ್ಲ ಮಣ್ಣಲ್ಲೇ ಉಳಿಯುತ್ತದೆ. ಗಿಡದ ಸುತ್ತ ಒಂದು ಗೇಣು ಬಿಟ್ಟು ಹೆಂಟೆ ಸಮೇತ ಎತ್ತಿ, ಅರ್ಧ ತಾಸು ಬಕೆಟ್ ನೀರಲ್ಲಿ ನೆನೆಸಿ, ಅಲುಗಾಡಿಸಿ ತೊಳೆಯಿರಿ. ತಗ್ಗಿನಲ್ಲಿ ನಾಲ್ಕು, ಏರಿನಲ್ಲಿ ನಾಲ್ಕು ಗಿಡ ಹೀಗೆ ನೋಡಿ ಹೋಲಿಸಿ. ಬ್ಯಾಕ್ಟೀರಿಯಾದ ಗಂಟು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಉಗುರಿಗೆ ಸಲೀಸಾಗಿ ಬಿಡುತ್ತದೆ. ಜಂತುಹುಳದ್ದಾದರೆ ಬೇರೇ ಊದಿಕೊಂಡಿರುತ್ತದೆ, ಬಿಡಿಸಲು ಬಾರದು. ಗಂಟು ಪೊಳ್ಳಾಗಿ ಸಿಪ್ಪೆ ಮಾತ್ರ ಉಳಿದಿದ್ದರೆ ಅದು ಗಂಟು ತಿನ್ನುವ ನೊಣದ ಮರಿಯ ಕೆಲಸ. ಕಪ್ಪು ನೆಲದಲ್ಲಿ ಇದೂ ಉಂಟು. ಕಾಂಡ ಸೀಳಿದಾಗ ಕಂದು-ಕಪ್ಪು ಗೆರೆ ಕಂಡರೆ ಅದು ನೆಟೆ ರೋಗ, ಅದರ ದಾರಿಯೇ ಬೇರೆ.

ಇನ್ನು ಯೂರಿಯಾ. ತೊಗರಿಗೆ ಎಕರೆಗೆ ಬೇಕಾದದ್ದು 10 ಕಿಲೋ ಸಾರಜನಕ, 20 ಕಿಲೋ ರಂಜಕ. ಬಿತ್ತುವಾಗ 50 ಕಿಲೋದ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಹಾಕಿದ್ದರೆ 9 ಕಿಲೋ ಸಾರಜನಕ ಆಗಲೇ ಸಿಕ್ಕಿದೆ. 45 ಕಿಲೋದ ಯೂರಿಯಾ ಚೀಲ ಇನ್ನೂ ಸುಮಾರು 20 ಕಿಲೋ ಸೇರಿಸುತ್ತದೆ. ಮಣ್ಣಲ್ಲೇ ಪುಕ್ಕಟೆ ಸಿಕ್ಕರೆ ಗಿಡ ಗಂಟಿಗೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ, ಇದ್ದ ಗಂಟೂ ಸೊರಗುತ್ತದೆ. ಸಾಲುಗಳ ನಡುವೆ ಬಸಿಗಾಲುವೆ ತೆಗೆಯಿರಿ, ನೆಲ ಹದಕ್ಕೆ ಬಂದ ಮೇಲೆ ಎಡೆ ಹೊಡೆಯಿರಿ. ಹಳದಿ ಬಹಳವಿದ್ದರೆ ಲೀಟರಿಗೆ 20 ಗ್ರಾಂ ಯೂರಿಯಾ ಕರಗಿಸಿ ಆ ತಗ್ಗಿಗಷ್ಟೇ ಎಲೆಗೆ ಸಿಂಪಡಿಸಿ.

ಬೀಜೋಪಚಾರದಲ್ಲೂ ತಪ್ಪಾಗಿದೆ. ಶಿಲೀಂಧ್ರನಾಶಕದ ಜತೆ ಕಲಸಿದರೆ ಜೀವಂತ ಬ್ಯಾಕ್ಟೀರಿಯಾ ಉಳಿಯುವುದು ಕಷ್ಟ. ಮುಂದಿನ ಸಲ ಔಷಧ ಮೊದಲು, ರೈಜೋಬಿಯಂ ಕೊನೆಗೆ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಕುದಿಸಿ, ಪೂರ್ತಿ ಆರಿದ ಮೇಲೆ 200 ಗ್ರಾಂ ಪಾಕೀಟು ಬೆರೆಸಿದರೆ 10 ಕಿಲೋ ಬೀಜಕ್ಕೆ ಸಾಕು. ನೆರಳಲ್ಲಿ ಒಣಗಿಸಿ ಅಂದೇ ಬಿತ್ತಿ. ಪಾಕೀಟಿನ ಮೇಲೆ ತೊಗರಿಯ ಹೆಸರಿದೆಯೇ, ಅವಧಿ ಮುಗಿದಿದೆಯೇ ನೋಡಿ. ಕಡಲೆಗೆಂದು ತಯಾರಿಸಿದ್ದು ತೊಗರಿಗೆ ಒಗ್ಗದು.

ನೀರು ಬಸಿದ ಎರಡು ವಾರದ ನಂತರ ಅದೇ ತಗ್ಗಿನಲ್ಲಿ ಮತ್ತೆ ಎರಡು ಗಿಡ ತೋಡಿ. ಹೊಸ ಬೇರಿನ ಗಂಟು ಕೆಂಪಾಗಿದ್ದರೆ ಸಿಂಪರಣೆಯನ್ನೂ ನಿಲ್ಲಿಸಿ. ಕಾಯಿ ಕಟ್ಟುವ ಹೊತ್ತಿಗೆ ಹಸಿರಾಗುವುದು ಮಾತ್ರ ಸಹಜ: ಗಿಡದ ಸಕ್ಕರೆಯೆಲ್ಲ ಆಗ ಕಾಯಿಗೆ ಹೋಗುತ್ತಿರುತ್ತದೆ.