ಅರ್ಧವಾದ ಚಿತ್ರ ಅರ್ಧವಾಗಿಯೇ ಇರಲಿ

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಅವಳಿಗೆ ಮನೆಯಲ್ಲೇ ಚಿತ್ರಕಲೆ, ಕರಕುಶಲ ಕಲಿಸಬೇಕೆಂದು ಅಂಗಡಿಯಿಂದ ಕಿಟ್‌ಗಳನ್ನು ತಂದೆ. ನಾನು ತೋರಿಸಿದ ಮಾದರಿಯಂತೆ ಅವಳು ಮಾಡುವುದಿಲ್ಲ; ಹತ್ತು ನಿಮಿಷಕ್ಕೇ ಎದ್ದು ಹೋಗುತ್ತಾಳೆ, ಕೊನೆಗೆ ನಾನೇ ಮುಗಿಸುತ್ತೇನೆ. ಮನುಷ್ಯನನ್ನು ಬರೆದರೆ ತಲೆಗೇ ಕಾಲು ಅಂಟಿಸುತ್ತಾಳೆ. ಬಣ್ಣ ಹಚ್ಚುವುದೂ ಎಡಗೈಯಲ್ಲಿ. ಅದನ್ನು ಈಗಲೇ ತಿದ್ದಬೇಕೆಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ‘ಕೊನೆಗೆ ನಾನೇ ಮುಗಿಸುತ್ತೇನೆ’ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ. ಮಗು ಬಿಟ್ಟೆದ್ದ ಕೆಲಸವನ್ನು ತಾಯಿ ಅಂದವಾಗಿ ಪೂರೈಸಿಟ್ಟರೆ, ತನ್ನ ಕೈಯಿಂದ ಆದದ್ದು ಸಾಲದೆಂದು ಮಗು ತಿಳಿಯುತ್ತದೆ. ಆಮೇಲೆ ‘ನೀನೇ ಬರೆದುಕೊಡಮ್ಮ’ ಎಂದು ಕಾಗದವನ್ನು ನಿಮ್ಮತ್ತ ತಳ್ಳತೊಡಗುತ್ತದೆ. ದಯವಿಟ್ಟು ಅರ್ಧವಾದದ್ದನ್ನು ಹಾಗೆಯೇ ಬಿಡಿ. ನಾಲ್ಕರ ವಯಸ್ಸಿಗೆ ಹತ್ತು ನಿಮಿಷದ ಗಮನ ಕಡಿಮೆಯೇನಲ್ಲ.

ತಲೆಗೇ ಕಾಲು ಬರೆಯುವುದನ್ನೂ ತಿದ್ದಬೇಡಿ. ಈ ವಯಸ್ಸಿನ ಎಷ್ಟೋ ಮಕ್ಕಳು ಮನುಷ್ಯನನ್ನು ಗೊದಮೊಟ್ಟೆಯಂತೆ ಹೀಗೆಯೇ ಬರೆಯುತ್ತಾರೆ, ಮುಂದೆ ತಾವಾಗಿಯೇ ಹೊಟ್ಟೆ, ಕೈಗಳನ್ನು ಸೇರಿಸುತ್ತಾರೆ. ಸಾಮಾನ್ಯವಾಗಿ 3 ವರ್ಷದ ಹೊತ್ತಿಗೆ ವೃತ್ತವನ್ನೂ 4ರ ಹೊತ್ತಿಗೆ ಕೂಡುವ ಚಿಹ್ನೆಯನ್ನೂ 5ರ ಹೊತ್ತಿಗೆ ತ್ರಿಕೋನವನ್ನೂ ಮಕ್ಕಳು ನೋಡಿ ಬರೆಯಬಲ್ಲರು. ನಿಮ್ಮ ಮಾದರಿಯಲ್ಲಿ ಮನೆಯ ಚಿತ್ರವಿದ್ದರೆ, ಅದರ ಸೂರಿಗೆ ಬೇಕಾದ ಓರೆಗೆರೆಗಳು ಅವಳ ಕೈಗೆ ಇನ್ನೂ ಒಗ್ಗಿರಲಿಕ್ಕಿಲ್ಲ.

ಆದ್ದರಿಂದ ಮಾದರಿಯನ್ನು ಬದಿಗಿಟ್ಟು ಸಾಮಗ್ರಿಯನ್ನಷ್ಟೇ ಕೊಡಿ. ನೀವು ಸಾಗರದವರು, ದೀವರ ಸಮುದಾಯದ ಮನೆಗಳ ಗೋಡೆಗಳಲ್ಲಿ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೋಡಿಯೇ ಇರುತ್ತೀರಿ. ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಕರಿಯಾಗುವಂತೆ ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ – ಇದಕ್ಕಿಂತ ಒಳ್ಳೆಯ ಕಿಟ್ ನನಗೆ ಗೊತ್ತಿಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು ನೀರಿನಲ್ಲಿ ಕಲಸಿ, ದಪ್ಪ ರಟ್ಟಿಗೆ ಬಳಿದು ಒಣಗಿಸಿ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಬಟ್ಟಲಿಗೆ ಹಾಕಿ. ನಾರಿನ ತುದಿಯನ್ನು ಜಜ್ಜಿ ಅವಳ ಕೈಗೆ ಕೊಡಿ. ಜರಡಿ ಹಿಡಿಯುವುದು, ಕಲಸುವುದು, ಜಜ್ಜುವುದು ಎಲ್ಲವೂ ಬೆರಳುಗಳಿಗೆ ಸಿಗುವ ಪಾಠವೇ ಆದ್ದರಿಂದ ಅವನ್ನೂ ಅವಳಿಂದಲೇ ಮಾಡಿಸಿ. ಅತ್ತೆಯವರಿಗೆ ಈ ಕೆಲಸಗಳು ನಮಗಿಂತ ಚೆನ್ನಾಗಿ ಬರುತ್ತವೆ. ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಅರಿಸಿನದ ನೀರಿಗೆ ಸುಣ್ಣ ಬೆರೆತರೆ ಕೆಂಪಾಗುವುದು ಆರತಿಯ ತಟ್ಟೆಯಿಂದ ನಮಗೆಲ್ಲ ಗೊತ್ತು. ಸುಣ್ಣ ಕಣ್ಣಿಗೂ ಚರ್ಮಕ್ಕೂ ಅಪಾಯಕಾರಿ, ಮಗುವಿನ ಕೈಗೆ ಬೇಡ. ಅದೇ ಬದಲಾವಣೆಯನ್ನು ಒಂದು ಚಿಟಿಕೆ ಅಡುಗೆ ಸೋಡಾದಿಂದ ತೋರಿಸಬಹುದು. ಅಂಟಿಗೆ ಎರಡು ಚಮಚ ಮೈದಾವನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಸಾಕು. ಚಿತ್ರ ತಂದು ತೋರಿಸಿದಾಗ ‘ಇದೇನು?’ ಎಂದು ಪರೀಕ್ಷಿಸುವ ಬದಲು ‘ಇದರ ಕಥೆ ಹೇಳು’ ಎನ್ನಿ.

ಇನ್ನು ಎಡಗೈಯ ವಿಚಾರ. ಯಾವ ಕೈ ಮುಂದಾಗುತ್ತದೆ ಎಂಬುದು ಮಿದುಳಿನ ಬೆಳವಣಿಗೆಗೆ ಸೇರಿದ್ದು, ಕೆಟ್ಟ ಅಭ್ಯಾಸವಲ್ಲ. ಬಲವಂತದಿಂದ ಬದಲಿಸಲು ಹೋದರೆ ಮಗು ಬರೆಯುವುದಕ್ಕೇ ಹಿಂಜರಿಯಬಹುದು. ಅತ್ತೆಯವರಿಗೆ ಇದನ್ನು ಸಮಾಧಾನದಿಂದ ತಿಳಿಸಿ. ಬಣ್ಣದ ಬಟ್ಟಲನ್ನು ಮಗಳ ಎಡಕ್ಕಿಡಿ, ಕಾಗದದ ಎಡ ಮೇಲ್ತುದಿ ತುಸು ಎತ್ತರಕ್ಕೆ ಬರುವಂತೆ ಓರೆಯಾಗಿಸಿ. ಸಾಮಾನ್ಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಕತ್ತರಿಸಬೇಕಾದ ಗೆರೆ ಅಲಗಿನ ಹಿಂದೆ ಮರೆಯಾಗುತ್ತದೆ. ಮುಂದಿನ ಕಿಟ್‌ಗೆಂದು ತೆಗೆದಿಟ್ಟ ಹಣದಲ್ಲಿ, ಎಡಗೈಯವರಿಗೆಂದೇ ಮಾಡಿದ, ತುದಿ ಮೊಂಡಾದ ಕತ್ತರಿಯೊಂದನ್ನು ತಂದುಕೊಡಿ.