ಗ್ರಂಥಾಲಯ, ಕಡತ, ವಸ್ತುಸಂಗ್ರಹ ಮೂರೂ ಇರುವ ಸಂಸ್ಥೆಗೆ ಯಾವ ಮೆಟಾಡೇಟಾ ಮಾದರಿ?

ನಿಮ್ಮ ಸಂಸ್ಥೆಯಲ್ಲಿ ಪುಸ್ತಕಗಳು, ಹಳೆಯ ಕಡತಗಳು, ಓಲೆಗರಿಗಳು ಒಂದೇ ಸೂರಿನಡಿ ಇವೆ. ಇವುಗಳ ವಿವರವನ್ನು (ಮೆಟಾಡೇಟಾ) ದಾಖಲಿಸುವ ಮಾದರಿಗಳಾದ ಎಲ್‌ಆರ್‌ಎಂ (ಗ್ರಂಥಾಲಯಗಳದು), ಸಿಡಾಕ್ ಸಿಆರ್‌ಎಂ (ವಸ್ತುಸಂಗ್ರಹಾಲಯಗಳದು), ರೆಕಾರ್ಡ್ಸ್ ಇನ್ ಕಾಂಟೆಕ್ಸ್ಟ್ಸ್ (ಕಡತಾಲಯಗಳದು) ಮೂರನ್ನೂ ಓದಿದ್ದೀರಿ. ಯಾವುದನ್ನು ಅಳವಡಿಸಬೇಕು, ಯಾವ ತಂತ್ರಾಂಶ ಹಾಕಬೇಕು ಎಂದು ಕೇಳಿದ್ದೀರಿ. ಸೂಚೀಕರಣವೇ ನನ್ನ ಕಸುಬು. ನೇರವಾಗಿ ಹೇಳುವುದಾದರೆ, ಯಾವುದನ್ನೂ ಇಡಿಯಾಗಿ ಅಳವಡಿಸಲು ಹೋಗಬೇಡಿ. ಇವು ತುಂಬಬೇಕಾದ ನಮೂನೆಗಳಲ್ಲ. ಯಾವುದಕ್ಕೆ ಸ್ವತಂತ್ರ ದಾಖಲೆ ಬೇಕು, ಯಾವುದು ಟಿಪ್ಪಣಿಯಾಗಿ ಉಳಿದರೆ ಸಾಕು ಎಂದು ತೀರ್ಮಾನಿಸಲು ನೆರವಾಗುವ ಚೌಕಟ್ಟುಗಳು, ಅಷ್ಟೆ.

ಮೈಸೂರಿನಲ್ಲಿ ಸಿಕ್ಕ ಕೌಟಿಲ್ಯನ ಅರ್ಥಶಾಸ್ತ್ರವನ್ನೇ ತೆಗೆದುಕೊಳ್ಳಿ. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ, ಗ್ರಂಥ ಲಿಪಿಯ ಓಲೆಗರಿ ಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಸಂಸ್ಕೃತ ಪಾಠ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ 2017ರಲ್ಲಿ ಹೊರತಂದ ಎಲ್‌ಆರ್‌ಎಂ ಪ್ರಕಾರ ಕೃತಿ ಒಂದೇ. ಸಂಸ್ಕೃತ ಪಾಠ, ಇಂಗ್ಲಿಷ್ ಅನುವಾದ ಅದರ ಎರಡು ಅಭಿವ್ಯಕ್ತಿಗಳು. 1909ರ ಮುದ್ರಣ ಒಂದು ಪ್ರಕಟರೂಪ, ನಿಮ್ಮ ಕಪಾಟಿನಲ್ಲಿ ಪರಿಗ್ರಹಣ ಸಂಖ್ಯೆ (ಗ್ರಂಥಾಲಯ ಪ್ರತಿಯೊಂದು ಪ್ರತಿಗೂ ಕೊಡುವ ಸಂಖ್ಯೆ) ಹೊತ್ತು ಕುಳಿತಿರುವುದು ಅದರ ಒಂದು ಪ್ರತಿ. ಓದುಗನೊಬ್ಬ ಬಂದು ಅರ್ಥಶಾಸ್ತ್ರ ಕೇಳಿದರೆ ಇವೆಲ್ಲ ಒಂದೇ ಕಡೆ ಕಾಣಬೇಕು. ಇಂಥ ಪುಸ್ತಕಕ್ಕೆ ಕೃತಿಯ ಮಟ್ಟದ ದಾಖಲೆ ಮಾಡುವ ಶ್ರಮ ಸಾರ್ಥಕ.

ಆದರೆ ಎಲ್ಲ ಪುಸ್ತಕಕ್ಕೂ ಅಲ್ಲ. ವರ್ಲ್ಡ್‌ಕ್ಯಾಟ್ ಎಂಬ, ಹಲವು ದೇಶಗಳ ಗ್ರಂಥಾಲಯಗಳ ಜಂಟಿ ಸೂಚಿಯ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿನ ಕೃತಿಗಳ ಮುಕ್ಕಾಲು ಪಾಲಿಗಿಂತ ಹೆಚ್ಚಿನವಕ್ಕೆ ಒಂದೇ ಪ್ರಕಟರೂಪ ಇದೆ ಎಂದು ಅಂದಾಜಿಸಿತ್ತು. ಒಂದೇ ಸಲ ಅಚ್ಚಾಗಿ ಮರೆಯಾದ ಸ್ಮರಣ ಸಂಚಿಕೆಗೆ ನಾಲ್ಕು ಹಂತದ ದಾಖಲೆ ಬರೆಸುವುದು ಸಿಬ್ಬಂದಿಗೆ ಶಿಕ್ಷೆ. ಅಂಥವು ಗ್ರಂಥಾಲಯಗಳ ರೂಢಿಯ ದಾಖಲೆ ನಮೂನೆಯಾದ ಮಾರ್ಕ್ 21ರಲ್ಲೇ ಹಾಯಾಗಿರಲಿ. ಹಲವು ಆವೃತ್ತಿ, ಅನುವಾದ, ರೂಪಾಂತರ ಇರುವವಕ್ಕೆ ಮಾತ್ರ ಕೃತಿಯ ದಾಖಲೆ ಮಾಡಿ.

ಓಲೆಗರಿಯ ವಿಷಯಕ್ಕೆ ಬಂದರೆ ಎಲ್‌ಆರ್‌ಎಂ ಸೊರಗುತ್ತದೆ. ಇರುವುದೇ ಒಂದು ಕಟ್ಟು; ಅಲ್ಲಿ ಪ್ರಕಟರೂಪ, ಪ್ರತಿ ಎಂಬ ಭೇದ ಹೆಸರಿಗಷ್ಟೇ. ಅದನ್ನು ಯಾರು ನಕಲು ಮಾಡಿದರು, ಯಾರ ಮನೆಯಲ್ಲಿತ್ತು, ಯಾವಾಗ ಕೈ ಬದಲಾಯಿತು ಎಂಬುದೇ ಮುಖ್ಯ. ಇದಕ್ಕೆ ಸಿಡಾಕ್ ಸಿಆರ್‌ಎಂ ಹೇಳಿ ಮಾಡಿಸಿದ್ದು. ವಸ್ತುಸಂಗ್ರಹಾಲಯಗಳ ಲೋಕದಲ್ಲಿ ಹುಟ್ಟಿ 2006ರಲ್ಲಿ ಐಎಸ್‌ಒ 21127 ಎಂಬ ಮಾನಕವಾದ ಈ ಮಾದರಿ, ಎಲ್ಲವನ್ನೂ ಘಟನೆಗಳ ಮೂಲಕ ನೋಡುತ್ತದೆ. ನಮ್ಮ ದಾಸ್ತಾನು ಪುಸ್ತಕಗಳ ‘ಬಂದ ಬಗೆ’ ಅಂಕಣದಲ್ಲಿ ‘ಕೊಡುಗೆ, ತಂಜಾವೂರು’ ಎಂದಷ್ಟೇ ಇರುತ್ತದೆ. ಸಿಆರ್‌ಎಂ ಕಣ್ಣಿನಿಂದ ಅದೊಂದು ಸ್ವಾಧೀನದ ಘಟನೆ: ಕೊಟ್ಟವರು, ಪಡೆದವರು, ಕಾಲ, ಸ್ಥಳ, ಹಾಗೆಂದು ಹೇಳುವ ಆಧಾರ. ಕೊಟ್ಟವರ ಹೆಸರು ದಾಖಲೆಯಲ್ಲಿ ಇಲ್ಲದಿದ್ದರೆ ಘಟನೆಯೇನೂ ಅಳಿಯುವುದಿಲ್ಲ. ‘ಹೆಸರು ತಿಳಿಯದ ಪಂಡಿತರು’ ಎಂದೇ ಬರೆಯಬಹುದು, ಮುಂದೆ ಹೆಸರು ಸಿಕ್ಕಾಗ ಅಲ್ಲಿಗೇ ಸೇರಿಸಬಹುದು. ಇಷ್ಟಕ್ಕೆ ಆರೇಳು ಬಗೆಯ ಘಟನೆಗಳು ಸಾಕು: ರಚನೆ, ನಕಲು, ಸ್ವಾಧೀನ, ಸ್ಥಳಾಂತರ, ದುರಸ್ತಿ, ಪ್ರದರ್ಶನ. ಮಾದರಿಯ ಉಳಿದ ಭಾಗ ಗ್ರಂಥದಲ್ಲೇ ಇರಲಿ.

ಕಾಲದ ವಿಷಯ ಇನ್ನೊಂದು ಫಜೀತಿ. ‘ಶಾಲಿವಾಹನ ಶಕ 1700, ವಿಳಂಬಿ ಸಂವತ್ಸರ’ ಎಂದು ಹಸ್ತಪ್ರತಿಯ ಕೊನೆಯಲ್ಲಿದ್ದರೆ ಅದನ್ನು 1778 ಎಂದು ಬದಲಿಸಿ ಮೂಲವನ್ನು ಬಿಸಾಡುವವರಿದ್ದಾರೆ. ಹಾಗೆ ಮಾಡಬೇಡಿ. ಇದ್ದ ಪಾಠವನ್ನು ಇದ್ದ ಹಾಗೆ ಒಂದು ಅಂಕಣದಲ್ಲಿಟ್ಟು, 1778ರ ಯುಗಾದಿಯಿಂದ 1779ರ ಯುಗಾದಿಯವರೆಗೆ ಎಂದು ಆರಂಭ, ಅಂತ್ಯದ ಮಿತಿಗಳನ್ನು ಬೇರೆ ಅಂಕಣಗಳಲ್ಲಿ ಕೊಡಿ. ಹುಡುಕಾಟ ನಡೆಯುವುದು ಮಿತಿಗಳ ಮೇಲೆ, ಸಂಶೋಧಕರು ನಂಬುವುದು ಪಾಠವನ್ನು.

ಕಡತಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡತ ವಿವರಣೆಯ ಅಂತರರಾಷ್ಟ್ರೀಯ ಮಾನಕವಾದ ಐಸ್ಯಾಡ್-ಜಿ ಪದ್ಧತಿಯಲ್ಲಿ ವಿವರಣೆ ಇದ್ದರೆ ಅದನ್ನೇ ಮುಂದುವರಿಸಿ. ಒಂದು ಇಲಾಖೆಯಲ್ಲಿ ಹುಟ್ಟಿ ಇನ್ನೊಂದಕ್ಕೆ ಹೋಗಿ ಮೂರನೆಯ ಕಡೆ ನಿಂತ ಕಡತಕ್ಕೆ ಮಾತ್ರ ರೆಕಾರ್ಡ್ಸ್ ಇನ್ ಕಾಂಟೆಕ್ಸ್ಟ್ಸ್ ಹೇಳುವ ಬಹುಸಂಬಂಧಗಳು ಬೇಕಾಗುತ್ತವೆ. ಒಂದೇ ಮರದ ಕೊಂಬೆಗಳಂತೆ ಜೋಡಿಸುವ ಹಳೆಯ ಕ್ರಮ ಅಲ್ಲಿ ಸಾಲದು.

ಮೂರನ್ನೂ ಬೆಸೆಯುವುದು ವ್ಯಕ್ತಿ, ಸಂಸ್ಥೆ, ಸ್ಥಳಗಳ ಪ್ರಾಧಿಕೃತ ಪಟ್ಟಿ. ಕೆಲಸ ಶುರುವಾಗಬೇಕಾದ್ದೂ ಇಲ್ಲಿಂದಲೇ. ಶಾಮಶಾಸ್ತ್ರಿಗಳ ಹೆಸರು ರೋಮನ್ ಲಿಪಿಯಲ್ಲಿ ಹಲವು ಬಗೆಯಲ್ಲಿ ಸಿಗುತ್ತದೆ. ಪುಸ್ತಕದ ಸಂಪಾದಕ, ಪತ್ರದ ಸಹಿದಾರ, ಓಲೆಗರಿಯನ್ನು ಗುರುತಿಸಿದವರು ಒಬ್ಬರೇ ಎಂದು ಯಂತ್ರಕ್ಕೆ ತಿಳಿಯಬೇಕಾದರೆ ಅವರಿಗೆ ನಿಮ್ಮದೇ ಆದ, ಎಂದೂ ಬದಲಾಗದ ಒಂದು ಸಂಖ್ಯೆ ಬೇಕು. ಅದರ ಪಕ್ಕದಲ್ಲಿ ವಿಕಿಡೇಟಾ, ವಿಯಾಫ್ ಎಂಬ ಜಾಗತಿಕ ಪಟ್ಟಿಗಳ ಸಂಖ್ಯೆಗಳೂ, ಎಲ್ಲ ಹೆಸರುರೂಪಗಳೂ ಇರಲಿ. ಮಾದರಿಯ ಬಗ್ಗೆ ಒಂದಕ್ಷರ ಓದದಿದ್ದರೂ ಈ ಪಟ್ಟಿ ಮಾಡಿದವರು ಅರ್ಧ ದಾರಿ ದಾಟಿರುತ್ತಾರೆ.

ತಂತ್ರಾಂಶದ ಮಾತು ಕೊನೆಗೆ. ಗ್ರಂಥಾಲಯ ತಂತ್ರಾಂಶಗಳಾದ ಕೋಹಾ ಅಥವಾ ಇ-ಗ್ರಂಥಾಲಯ ಇದ್ದರೆ ಪುಸ್ತಕಗಳು ಅಲ್ಲೇ ಇರಲಿ. ಮೂರೂ ಕಡೆ ಹರಡಿರುವ ಒಂದು ಸಣ್ಣ ಸಂಗ್ರಹ, ಉದಾಹರಣೆಗೆ ಒಬ್ಬ ವಿದ್ವಾಂಸರ ಪುಸ್ತಕ, ಪತ್ರ, ಹಸ್ತಪ್ರತಿಗಳನ್ನು ಮಾತ್ರ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿಡುವ ತಂತ್ರಾಂಶಗಳಾದ ಒಮೆಕಾ ಎಸ್ ಅಥವಾ ವಿಕಿಬೇಸ್‌ಗೆ ಹಾಕಿ ನೋಡಿ. ಹಾಕುವ ಮೊದಲು ನಿಮ್ಮಲ್ಲಿಗೆ ಬರುವ ಓದುಗರು ನಿಜವಾಗಿ ಕೇಳಿದ ಹತ್ತು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಅವಕ್ಕೆ ಉತ್ತರ ಕೊಡಲು ಬಳಕೆಯಾಗದ ಅಂಕಣ ನಮೂನೆಯಲ್ಲಿ ಕಂಡರೆ ತೆಗೆದುಹಾಕಿ. ಗುತ್ತಿಗೆದಾರರು ಟ್ರಿಪಲ್ ಸ್ಟೋರ್ (ಸಂಬಂಧಗಳನ್ನು ಕೂಡಿಡುವ ದತ್ತಸಂಚಯ) ಮಾರಲು ಬಂದರೆ ಆ ಹತ್ತು ಪ್ರಶ್ನೆಗಳನ್ನು ಅವರ ಮುಂದಿಡಿ.