ನನ್ನನ್ನು ಹೆಚ್ಚು ಕಾಡಿದ ಗೂಢಚಾರ: ‘ಡಿಟೆಕ್ಟಿವ್ ಕೋನನ್’ ಸರಣಿಯ ಸ್ಕಾಚ್

ಅನಿಮೇಶನ್ ಸರಣಿಗಳಲ್ಲಿ ಸ್ವಲ್ಪ ಹೊತ್ತು ಮಾತ್ರ ಬಂದು ಹೋದರೂ ಮನಸ್ಸಿನಿಂದ ಹೋಗದ ಗೂಢಚಾರ ಯಾರು, ಯಾಕೆ, ಅವನ ಕಥೆ ನೋಡಬೇಕಾದರೆ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ.

ನನ್ನ ಮಟ್ಟಿಗೆ ಅದು ಜಪಾನಿನ ‘ಡಿಟೆಕ್ಟಿವ್ ಕೋನನ್’ ಸರಣಿಯ ಸ್ಕಾಚ್. ನಿಜವಾದ ಹೆಸರು ಹಿರೋಮಿತ್ಸು ಮೊರೊಫುಶಿ. ಗೆಳೆಯರಿಗೆ ಹಿರೊ. ಅವನ ಬಗ್ಗೆ ಹೇಳಬೇಕಾದರೆ ಕಥೆಯ ಗುಟ್ಟುಗಳನ್ನು ಬಿಡಿಸದೆ ಆಗುವುದಿಲ್ಲ. ಸರಣಿಯನ್ನು ಏನೂ ತಿಳಿಯದೆ ನೋಡುವ ಆಸೆ ಇದ್ದರೆ ಇಲ್ಲಿಗೇ ನಿಲ್ಲಿಸಿ, ನೋಡಿದ ಮೇಲೆ ಬನ್ನಿ.

ಸರಣಿ ಗೊತ್ತಿಲ್ಲದವರಿಗೆ ಎರಡು ಮಾತು. ಗೋಶೋ ಅಓಯಾಮಾ ಅವರ ಮಾಂಗಾ (ಜಪಾನಿ ಚಿತ್ರಕಥೆ) 1994ರಲ್ಲಿ ಶುರುವಾಯಿತು, ಟಿವಿ ಸರಣಿ 1996ರಲ್ಲಿ. ಎರಡೂ ಇನ್ನೂ ಮುಗಿದಿಲ್ಲ. ಕಂತುಗಳ ಸಂಖ್ಯೆ ಸಾವಿರ ದಾಟಿದೆ. ಶಿನಿಚಿ ಕುಡೊ ಎಂಬ ಹೈಸ್ಕೂಲ್ ಪತ್ತೇದಾರನಿಗೆ ಕಪ್ಪು ಬಟ್ಟೆಯ ಇಬ್ಬರು ವಿಷ ಕುಡಿಸುತ್ತಾರೆ. ಅವನು ಸಾಯುವುದಿಲ್ಲ, ಮೈ ಮಾತ್ರ ಕುಗ್ಗಿ ಚಿಕ್ಕ ಹುಡುಗನಾಗುತ್ತಾನೆ. ಆ ಕಪ್ಪು ಸಂಘಟನೆಯ ದೊಡ್ಡ ಸದಸ್ಯರಿಗೆಲ್ಲ ಮದ್ಯದ ಹೆಸರುಗಳು: ಜಿನ್, ವೋಡ್ಕಾ, ವರ್ಮೌತ್ ಹೀಗೆ. ಅದರೊಳಗೆ ಬೇರೆ ಬೇರೆ ದೇಶಗಳ ಗುಪ್ತ ಸಂಸ್ಥೆಗಳು ತಮ್ಮ ಜನರನ್ನು ನುಗ್ಗಿಸಿವೆ.

ಹಾಗೆ ನುಗ್ಗಿದವರಲ್ಲಿ ಮೂವರಿಗೆ ವಿಸ್ಕಿಗಳ ಹೆಸರು. ಸ್ಕಾಚ್, ಬರ್ಬನ್, ರೈ. ಸ್ಕಾಚ್ ಟೋಕಿಯೋ ಮಹಾನಗರ ಪೊಲೀಸ್ ಇಲಾಖೆಯ ಸಾರ್ವಜನಿಕ ಭದ್ರತಾ ವಿಭಾಗದವನು. ಬರ್ಬನ್ ರಾಷ್ಟ್ರೀಯ ಪೊಲೀಸ್ ಸಂಸ್ಥೆಯವನು, ನಿಜವಾದ ಹೆಸರು ರೇ ಫುರುಯಾ. ಅವನೇ ಹಿರೊನ ಬಾಲ್ಯದ ಗೆಳೆಯ ‘ಝೀರೊ’. ಮೂರನೆಯವನಾದ ರೈ ಅಮೆರಿಕದ ಎಫ್‌ಬಿಐ ಕಳಿಸಿದ ಶುಇಚಿ ಅಕಾಯಿ. ಅಂದರೆ ಮೂವರೂ ಸಂಘಟನೆಯ ಶತ್ರುಗಳೇ. ಮೊದಲಿಬ್ಬರಿಗೆ ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತು. ರೈ ಕೂಡ ತಮ್ಮ ಹಾಗೇ ವೇಷ ಹಾಕಿದವನು ಅನ್ನುವುದು ಅವರಿಗೆ ಗೊತ್ತಿಲ್ಲ. ಆಗುವ ಅನಾಹುತಕ್ಕೆಲ್ಲ ಮೂಲ ಇದೇ.

ಒಂದು ದಿನ ಸ್ಕಾಚ್ ಪೊಲೀಸ್ ಕಡೆಯವನು ಎಂದು ಸಂಘಟನೆಗೆ ಗೊತ್ತಾಗಿಬಿಡುತ್ತದೆ. ಅವನು ಓಡುತ್ತಾನೆ. ಓಡುವಾಗ ಗೆಳೆಯನಿಗೆ ಒಂದು ಸಂದೇಶ ಕಳಿಸುತ್ತಾನೆ. ಸಿಕ್ಕಿಬಿದ್ದಿದ್ದೇನೆ, ಇನ್ನು ತಪ್ಪಿಸಿಕೊಳ್ಳುವ ಜಾಗ ಪರಲೋಕ ಮಾತ್ರ, ಬರುತ್ತೇನೆ ಎನ್ನುವ ಅರ್ಥದ ಕೆಲವೇ ಮಾತು. ನಿಜವಾಗಿ ಅದು ಸಹಾಯ ಕೇಳಿ ಬರೆದದ್ದಲ್ಲ, ವಿದಾಯ ಹೇಳಿ ಬರೆದದ್ದು. ಆದರೆ ಅಂಥ ಸಂದೇಶ ಓದಿದ ಗೆಳೆಯ ಮನೆಯಲ್ಲಿ ಕೂರುತ್ತಾನಾ? ಫುರುಯಾ ಅವನನ್ನು ಹುಡುಕಿಕೊಂಡು ಓಡುತ್ತಾನೆ.

ಅಷ್ಟರಲ್ಲಿ ಸ್ಕಾಚನ್ನು ಬೆನ್ನಟ್ಟಿದ ಅಕಾಯಿ ಒಂದು ಕಟ್ಟಡದ ತಾರಸಿಯ ಮೇಲೆ ಅವನನ್ನು ಹಿಡಿದಿರುತ್ತಾನೆ. ಇಬ್ಬರ ನಡುವೆ ಕೈಕೈ ಮಿಲಾಯಿಸುತ್ತದೆ. ಆ ಗಡಿಬಿಡಿಯಲ್ಲಿ ಸ್ಕಾಚ್ ಅಕಾಯಿಯ ರಿವಾಲ್ವರ್ ಎಗರಿಸುತ್ತಾನೆ. ಅಕಾಯಿಗೆ ಗುಂಡು ಹಾರಿಸಲು ಅಲ್ಲ. ತನ್ನದೇ ಎದೆಗೆ ಗುರಿಯಿಟ್ಟುಕೊಳ್ಳಲು. ಅಕಾಯಿ ಥಟ್ಟನೆ ಕೈ ಚಾಚಿ ರಿವಾಲ್ವರಿನ ಸಿಲಿಂಡರನ್ನು ಬಿಗಿಯಾಗಿ ಹಿಡಿಯುತ್ತಾನೆ. ಸಿಲಿಂಡರ್ ತಿರುಗದಿದ್ದರೆ ಟ್ರಿಗರ್ ಎಳೆಯಲು ಬರುವುದಿಲ್ಲ. ಇದು ಕಥೆಗಾಗಿ ಹುಟ್ಟಿಸಿದ್ದಲ್ಲ, ಸುತ್ತಿಗೆ ಎತ್ತಿರದ ರಿವಾಲ್ವರಿನಲ್ಲಿ ನಿಜವಾಗಿಯೂ ಹಾಗೇ. ಹಿಡಿದುಕೊಂಡೇ ಅಕಾಯಿ ತನ್ನ ಗುಟ್ಟು ಹೇಳಿಬಿಡುತ್ತಾನೆ. ನಾನೂ ನಿನ್ನ ಹಾಗೇ ಒಳನುಗ್ಗಿದವನು, ಎಫ್‌ಬಿಐ, ನಿನ್ನನ್ನು ಇಲ್ಲಿಂದ ತಪ್ಪಿಸಬಲ್ಲೆ ಎಂದು.

ಸ್ಕಾಚ್ ನಂಬುತ್ತಾನೆ. ನನಗೆ ಹೆಚ್ಚು ನೋವಾಗುವುದು ಇಲ್ಲೇ. ಟ್ರಿಗರ್ ಮೇಲಿನ ಅವನ ಬಿಗಿ ಸಡಿಲವಾಗುತ್ತದೆ. ಬದುಕಬಹುದು ಎಂದು ಒಂದು ಗಳಿಗೆ ಅವನಿಗೂ ಅನ್ನಿಸಿರಬೇಕು. ಆಗ ಮೆಟ್ಟಿಲ ಕಡೆಯಿಂದ ಯಾರೋ ಓಡಿ ಬರುವ ಸದ್ದು ಕೇಳುತ್ತದೆ. ಅಕಾಯಿಯ ಗಮನ ಆ ಕಡೆ ಹೋಗುತ್ತದೆ, ಕೈ ಸಡಿಲುತ್ತದೆ. ಗುಂಡು ಹಾರುತ್ತದೆ.

ಓಡಿ ಬಂದವನು ಫುರುಯಾ.

ಈಗ ಇದನ್ನು ಹಿಂದಿನಿಂದ ಮುಂದಕ್ಕೆ ಜೋಡಿಸಿ ನೋಡಿ. ಗೆಳೆಯನಿಗೆ ವಿದಾಯ ಹೇಳಿದ್ದರಿಂದ ಗೆಳೆಯ ಓಡಿ ಬಂದ. ಗೆಳೆಯ ಓಡಿ ಬಂದದ್ದರಿಂದ ಇವನು ಸತ್ತ. ಆ ತಾರಸಿಗೆ ಸಂಬಂಧಪಟ್ಟ ಮೂವರಲ್ಲಿ ಒಬ್ಬನೂ ಕೆಟ್ಟದ್ದು ಮಾಡಲು ಹೋದವನಲ್ಲ. ಒಬ್ಬ ಉಳಿಸಲು ಹಿಡಿದಿದ್ದ. ಇನ್ನೊಬ್ಬ ಉಳಿಸಲು ಓಡಿ ಬಂದ. ಮತ್ತೊಬ್ಬ ತನ್ನವರನ್ನು ಉಳಿಸಲು ಟ್ರಿಗರ್ ಎಳೆದ. ಸಂಘಟನೆಯ ಖಳರು ಯಾರೂ ಅಲ್ಲಿ ಇರಲೇ ಇಲ್ಲ. ಅವರ ಭಯ ಮಾತ್ರ ಇತ್ತು. ಅಷ್ಟೇ ಸಾಕಾಯಿತು.

ತನ್ನವರನ್ನು ಉಳಿಸಲು ಅಂದೆನಲ್ಲ, ಅದು ಬರೀ ಮಾತಲ್ಲ. ಅವನ ಎದೆಯ ಜೇಬಿನಲ್ಲಿ ಮೊಬೈಲ್ ಇತ್ತು. ಅದರಲ್ಲಿ ಮನೆಯವರ, ಗೆಳೆಯರ ಸುಳಿವು ಇತ್ತು. ಸಂಘಟನೆಯ ಕೈಗೆ ಸಿಕ್ಕಿದ್ದರೆ ಅಣ್ಣನೂ ಉಳಿಯುತ್ತಿರಲಿಲ್ಲ, ಫುರುಯಾ ಕೂಡ ಉಳಿಯುತ್ತಿರಲಿಲ್ಲ. ಆದ್ದರಿಂದ ಗುಂಡು ಮೊಬೈಲನ್ನು ತೂರಿಕೊಂಡೇ ಎದೆಗೆ ಹೋಗುವ ಹಾಗೆ ಹಾರಿಸಿಕೊಂಡ. ಇದನ್ನು ಹತಾಶೆಯ ಸಾವು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಕೊನೆಯ ಗಳಿಗೆಯಲ್ಲೂ ಅವನು ಕೆಲಸ ಮಾಡುತ್ತಿದ್ದ.

‘ಒಂದು ನಿಮಿಷ ಕಾಯಬಹುದಿತ್ತಲ್ಲ, ಬರುವವರು ಯಾರು ಎಂದು ನೋಡಬಹುದಿತ್ತಲ್ಲ, ಸುಮ್ನೆ ಅವಸರ ಮಾಡಿದ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಂದವನು ಜಿನ್ ಆಗಿದ್ದರೆ ಆ ಒಂದು ನಿಮಿಷದಲ್ಲಿ ಮೊಬೈಲ್ ಹೋಗುತ್ತಿತ್ತು. ಅವನ ಜೊತೆ ಮಾತನಾಡುತ್ತ ನಿಂತ ಅಕಾಯಿಯ ವೇಷವೂ ಬಯಲಾಗುತ್ತಿತ್ತು. ತನಗೆ ಗೊತ್ತಿದ್ದಷ್ಟರಲ್ಲಿ ಅವನು ಮಾಡಿದ ಲೆಕ್ಕ ಸರಿಯಾಗೇ ಇತ್ತು. ಸರಿಯಾದ ಲೆಕ್ಕ ಮಾಡಿಯೂ ಸತ್ತ, ಅದೂ ಅನಗತ್ಯವಾಗಿ ಸತ್ತ. ತಪ್ಪು ಮಾಡಿ ಸತ್ತಿದ್ದರೆ ಇಷ್ಟು ಕಾಡುತ್ತಿರಲಿಲ್ಲ.

ಅವನ ಬಾಲ್ಯ ಗೊತ್ತಾದ ಮೇಲೆ ಆ ತಾರಸಿಯ ದೃಶ್ಯ ಇನ್ನೂ ಭಾರವಾಗುತ್ತದೆ. ಹಿರೊ ನಾಗಾನೊ ಪ್ರಾಂತ್ಯದ ಹುಡುಗ. ಅಪ್ಪ ಮೇಷ್ಟ್ರು. ಒಂದು ರಾತ್ರಿ ಮನೆಗೆ ನುಗ್ಗಿದವನೊಬ್ಬ ಅಪ್ಪ ಅಮ್ಮ ಇಬ್ಬರನ್ನೂ ಕೊಂದ. ಅಮ್ಮ ಈ ಹುಡುಗನನ್ನು ಬೀರುವಿನಲ್ಲಿ ಅಡಗಿಸಿದ್ದಳು. ಬಾಗಿಲ ಸಂದಿಯಿಂದ ಅವನು ಕೊಲೆಗಾರನ ಹಚ್ಚೆಯನ್ನು ನೋಡಿದ. ಅಣ್ಣ ತಕಾಅಕಿ ಆವತ್ತು ಶಾಲೆಯ ಪ್ರವಾಸಕ್ಕೆ ಹೋಗಿದ್ದ. ಆಮೇಲೆ ಅಣ್ಣ ನಾಗಾನೊದಲ್ಲೇ ಉಳಿದ, ತಮ್ಮನನ್ನು ಟೋಕಿಯೋದ ಸಂಬಂಧಿಕರು ಕರೆದುಕೊಂಡು ಹೋದರು. ಆಘಾತಕ್ಕೆ ಹುಡುಗನ ಮಾತೇ ನಿಂತುಹೋಗಿತ್ತು. ಹೊಸ ಊರಲ್ಲಿ ಸಿಕ್ಕ ಗೆಳೆಯ ಝೀರೊ ಜೊತೆ ಸೇರಿದ ಮೇಲೆ ಮಾತು ಮರಳಿತು.

ಬೀರುವಿನೊಳಗೆ ಉಸಿರು ಬಿಗಿಹಿಡಿದು ಕೂತಿದ್ದ ಮಗು ಅದು. ಹೊರಗಿನ ಸದ್ದು ಹತ್ತಿರ ಬಂದರೆ ಏನಾಗುತ್ತದೆ ಎಂದು ಅಷ್ಟು ಸಣ್ಣ ವಯಸ್ಸಿಗೇ ಕಲಿತಿತ್ತು. ದೊಡ್ಡವನಾದ ಮೇಲೆ ತಾರಸಿಯಲ್ಲಿ ಹತ್ತಿರವಾಗುವ ಹೆಜ್ಜೆ ಕೇಳಿದಾಗ, ಬರುತ್ತಿರುವುದು ಗೆಳೆಯ ಇರಬಹುದು ಎಂದು ಅವನಿಗೆ ಹೊಳೆಯುವುದಾದರೂ ಹೇಗೆ? ಈ ಎರಡು ದೃಶ್ಯಗಳನ್ನು ಸರಣಿ ಎಲ್ಲೂ ಬಾಯಿಬಿಟ್ಟು ಜೋಡಿಸುವುದಿಲ್ಲ. ಇದು ನನ್ನ ಓದು. ಆದರೆ ಒಮ್ಮೆ ಹಾಗೆ ಕಂಡ ಮೇಲೆ ಬೇರೆ ರೀತಿ ನೋಡಲು ನನಗೆ ಆಗಿಲ್ಲ.

ಪೊಲೀಸ್ ತರಬೇತಿ ಶಾಲೆಯ ಕಥೆಯಲ್ಲಿ ಅವನು ಬೇರೆಯೇ ಮನುಷ್ಯ. ಮೆದು ಮಾತು, ಅಡುಗೆಯಲ್ಲಿ ಕೈ ಪಳಗಿದವನು, ಗೆಳೆಯರ ಜಗಳ ಬಿಡಿಸುವವನು. ಅಲ್ಲಿ ಐವರ ಗುಂಪು: ಫುರುಯಾ, ಹಿರೊ, ಮಾತ್ಸುದಾ, ಹಾಗಿವಾರಾ, ದಾತೆ. ಗೆಳೆಯರ ನೆರವಿನಿಂದ ಅಪ್ಪ ಅಮ್ಮನನ್ನು ಕೊಂದವನನ್ನು ಕೊನೆಗೂ ಹಿಡಿಯುತ್ತಾನೆ. ನೋಡುವವರಿಗೆ ಮಾತ್ರ ಖುಷಿಯ ಜೊತೆಗೇ ಸಂಕಟ. ಯಾಕೆಂದರೆ ಮುಖ್ಯ ಕಥೆ ನಡೆಯುವ ಹೊತ್ತಿಗೆ ಈ ಐವರಲ್ಲಿ ಉಳಿದವನು ಫುರುಯಾ ಒಬ್ಬನೇ. ಹಾಗಿವಾರಾ ಮತ್ತು ಮಾತ್ಸುದಾ ಬಾಂಬ್ ಸ್ಫೋಟಗಳಲ್ಲಿ ಹೋದರು. ದಾತೆಯನ್ನು ರಸ್ತೆ ಅಪಘಾತ ಕೊಂಡೊಯ್ಯಿತು.

ಇಷ್ಟು ಹೇಳಿದರೂ ಮುಖ್ಯ ಸರಣಿಯಲ್ಲಿ ಸ್ಕಾಚ್ ಕಾಣಿಸುವುದು ತುಂಬ ಕಡಿಮೆ. ಬರುವುದೆಲ್ಲ ಬೇರೆಯವರ ನೆನಪುಗಳಲ್ಲಿ. ಅದರಲ್ಲಿ ನನಗೆ ಇಷ್ಟವಾದದ್ದು ರೈಲು ನಿಲ್ದಾಣದ ಒಂದು ತುಣುಕು. ಅಕಾಯಿಯ ತಂಗಿ ಮಸುಮಿ ಸೆರಾ ಆಗ ಇನ್ನೂ ಚಿಕ್ಕ ಹುಡುಗಿ. ಎಷ್ಟೋ ದಿನದ ಮೇಲೆ ಕಂಡ ಅಣ್ಣನ ಬೆನ್ನು ಹತ್ತಿ ಪ್ಲಾಟ್‌ಫಾರ್ಮ್‌ಗೆ ಬಂದುಬಿಟ್ಟಿದ್ದಾಳೆ. ಅಣ್ಣನಿಗೆ ಸಿಟ್ಟು. ಅವಳನ್ನು ವಾಪಸ್ ಕಳಿಸಲು ಟಿಕೆಟ್ ತರಲು ಹೋಗುತ್ತಾನೆ. ಅಷ್ಟು ಹೊತ್ತು ಅವಳ ಬೇಜಾರು ಕಳೆಯಲು ಪಕ್ಕದಲ್ಲಿದ್ದ ಗಡ್ಡದ ಯುವಕ ತನ್ನ ಬೇಸ್ ಗಿಟಾರ್ ಕೊಟ್ಟು ಸ್ವರ ನುಡಿಸಲು ಹೇಳಿಕೊಡುತ್ತಾನೆ. ಅವನೇ ಸ್ಕಾಚ್. ಕೊಲೆಗಡುಕರ ಗುಂಪಿನಲ್ಲಿ ವೇಷ ಹಾಕಿಕೊಂಡು ಓಡಾಡುವವನು, ಅಪರಿಚಿತ ಹುಡುಗಿಯ ಮುಖ ಸಪ್ಪಗಾದದ್ದನ್ನು ಗಮನಿಸುತ್ತಾನೆ. ಕಲಿಸುವ ಅಗತ್ಯ ಏನೂ ಇರಲಿಲ್ಲ. ಅವನಿಗೆ ಧ್ವನಿ ಕೊಟ್ಟ ಹಿಕಾರು ಮಿದೊರಿಕಾವಾ ಅವರ ದನಿ ಅಲ್ಲಿ ಎಷ್ಟು ಹಗುರವಾಗಿದೆ ಎಂದರೆ, ಈ ಮನುಷ್ಯ ಯಾವ ಕೆಲಸದಲ್ಲಿದ್ದಾನೆ ಎನ್ನುವುದೇ ಮರೆತುಹೋಗುತ್ತದೆ.

ಇನ್ನು ಉಳಿದವರ ವಿಷಯ. ಅಕಾಯಿ ಆವತ್ತು ತನ್ನ ವೇಷ ಉಳಿಸಿಕೊಳ್ಳಬೇಕಿತ್ತು. ದ್ರೋಹಿಯನ್ನು ತಾನೇ ಮುಗಿಸಿದೆ ಎನ್ನುವ ಹಾಗೆ ಫುರುಯಾನ ಎದುರು ನಿಂತ. ಆಗ ಹುಟ್ಟಿದ ದ್ವೇಷ ವರ್ಷಗಟ್ಟಲೆ ನಡೆಯುತ್ತದೆ. ಫುರುಯಾ ಪತ್ತೇದಾರಿಕೆಯಲ್ಲಿ ಸಾಮಾನ್ಯನಲ್ಲ. ಅದು ಆತ್ಮಹತ್ಯೆ ಎಂದು ಆಮೇಲೆ ಅವನೇ ಕಂಡುಕೊಳ್ಳುತ್ತಾನೆ. ಆದರೂ ಸಿಟ್ಟು ಇಳಿಯುವುದಿಲ್ಲ, ಇನ್ನೊಂದು ರೂಪ ತಾಳುತ್ತದೆ. ನಿನ್ನಂಥ ನಿಪುಣ ಅಲ್ಲಿದ್ದೂ ಅವನನ್ನು ಯಾಕೆ ತಡೆಯಲಿಲ್ಲ? ಯಾಕೆ ಸಾಯಲು ಬಿಟ್ಟೆ?

ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ: ‘ನಿನ್ನ ಹೆಜ್ಜೆ ಸದ್ದು’. ಅಕಾಯಿ ಅದನ್ನು ಹೇಳುವುದಿಲ್ಲ. ಬೈಗುಳ ತಾನೇ ತಿನ್ನುತ್ತಾನೆ, ತನ್ನ ತಪ್ಪು ಎಂದೇ ಒಪ್ಪಿಕೊಳ್ಳುತ್ತಾನೆ. ಕರ್ಣ ಪಾಂಡವರ ಅಣ್ಣ ಎನ್ನುವ ಸತ್ಯವನ್ನು ಕುಂತಿ ಯುದ್ಧ ಮುಗಿದ ಮೇಲಾದರೂ ಧರ್ಮರಾಯನಿಗೆ ಹೇಳಿದಳು. ಅಕಾಯಿ ಅಷ್ಟನ್ನೂ ಮಾಡುವುದಿಲ್ಲ. ಇದು ಸರಿಯಾ? ನನಗೆ ಸರಿ ಅನ್ನಿಸುತ್ತದೆ. ಫುರುಯಾಗೆ ಆ ಕೆಲಸದಲ್ಲಿ ನಿಂತು ಉಳಿಯಲು ಯಾರನ್ನಾದರೂ ದ್ವೇಷಿಸುವುದು ಬೇಕಾಗಿದೆ. ಆ ದ್ವೇಷ ತನ್ನ ಮೇಲೇ ತಿರುಗಿದರೆ ಅವನು ಆ ಸಂಘಟನೆಯೊಳಗೆ ಒಂದು ದಿನವೂ ಬಾಳಲಾರ. ಒಳಗೊಳಗೇ ಅವನಿಗೆ ಗೊತ್ತಿರಬಹುದು ಎಂದು ವಾದಿಸುವ ಅಭಿಮಾನಿಗಳೂ ಇದ್ದಾರೆ. ಇದ್ದರೂ ಇರಬಹುದು.

ಅಣ್ಣ ತಕಾಅಕಿ ಈಗ ನಾಗಾನೊ ಪೊಲೀಸ್‌ನಲ್ಲಿ ಅಧಿಕಾರಿ. ಅವನ ಕೈಗೆ ಒಂದು ದಿನ ಒಂದು ಲಕೋಟೆ ಬರುತ್ತದೆ. ಒಳಗೆ ಗುಂಡು ತೂರಿದ ಮೊಬೈಲ್. ಅದರ ಮೇಲೆ ಗೀಚಿದ ‘ಎಚ್’ ಅಕ್ಷರ. ತಮ್ಮ ಏನು ಕೆಲಸ ಮಾಡುತ್ತಿದ್ದ, ಏನಾದ ಎಂದು ಅವನಿಗೆ ಯಾರೂ ಅಧಿಕೃತವಾಗಿ ಹೇಳಿರುವುದಿಲ್ಲ. ಆ ತೂತು ನೋಡಿ ಅವನೇ ಎಲ್ಲವನ್ನೂ ಓದಿಕೊಳ್ಳುತ್ತಾನೆ. ಗೂಢಚಾರನ ಮನೆಯವರಿಗೆ ಸಾವಿನ ಸುದ್ದಿಯೂ ನೇರವಾಗಿ ಸಿಗುವುದಿಲ್ಲ ಎನ್ನುವುದನ್ನು ಇಷ್ಟು ಕಡಿಮೆ ಮಾತಲ್ಲಿ ಹೇಳಿದ ದೃಶ್ಯ ನಾನು ಬೇರೆ ನೋಡಿಲ್ಲ.

ಇದೇ ಸರಣಿಯಲ್ಲಿ ಈಥನ್ ಹೊಂಡೊ ಎಂಬ ಸಿಐಎ ಗೂಢಚಾರನೂ ಇದ್ದಾನೆ. ಸಂಘಟನೆಯೊಳಗೆ ಸೇರಿದ ಮಗಳ ವೇಷ ಬಯಲಾಗುವ ಹೊತ್ತಿಗೆ, ಅವಳೇ ತನ್ನನ್ನು ಕೊಂದಳು ಎಂದು ಕಾಣುವ ಹಾಗೆ ಮಾಡಿ ಪ್ರಾಣ ಬಿಡುತ್ತಾನೆ. ಅದೂ ಕರುಳು ಹಿಂಡುವ ಕಥೆಯೇ. ಆದರೆ ಆ ಸಾವಿನಿಂದ ಮಗಳು ಉಳಿದಳು, ಕೆಲಸ ಮುಂದುವರಿಯಿತು. ಈಥನ್‌ನ ಎದುರಿಗಿದ್ದ ಅಪಾಯ ನಿಜವಾದದ್ದು. ಸ್ಕಾಚ್‌ಗೆ ಮೆಟ್ಟಿಲಲ್ಲಿ ಕೇಳಿಸಿದ ಅಪಾಯ ಅಪಾಯವೇ ಆಗಿರಲಿಲ್ಲ. ಅದಕ್ಕೇ ನನ್ನ ಉತ್ತರ ಈಥನ್ ಅಲ್ಲ, ಸ್ಕಾಚ್.

ಎಲ್ಲಿಂದ ಶುರು ಮಾಡಬೇಕು ಅಂದಿರಿ. ಸ್ಕಾಚ್‌ಗಾಗಿ ಮಾತ್ರ ಸಾವಿರ ಕಂತು ನೋಡಬೇಕಾಗಿಲ್ಲ. ಮೊದಲ ಕಂತು ನೋಡಿ, ಸಂಘಟನೆ ಬರುವ ಮುಖ್ಯ ಕಂತುಗಳನ್ನು ಆರಿಸಿಕೊಳ್ಳಿ. ಅಕಾಯಿ ಯಾರು, ಫುರುಯಾ ಯಾರು ಎನ್ನುವುದು ಮನಸ್ಸಲ್ಲಿ ಕೂತ ಮೇಲೆ ಸೆರಾಳ ಬೇಸ್ ಗಿಟಾರ್ ನೆನಪು ಬರುವ ಕಂತು ನೋಡಿ, ಆಮೇಲೆ ತಾರಸಿಯ ಸತ್ಯ ಹೊರಬರುವ ಕಂತು. ತರಬೇತಿ ಶಾಲೆಯ ಕಥೆ ಮಾಂಗಾ ಆಗಿ 2019ರಲ್ಲಿ ಬಂತು, ಅನಿಮೇಶನ್ ಆಗಿ 2021ರ ಕೊನೆಯಿಂದ. ಕಾಲದ ಲೆಕ್ಕದಲ್ಲಿ ಅದು ಮೊದಲಿನದ್ದು ಎಂದು ಅದನ್ನೇ ಮೊದಲು ನೋಡಬೇಡಿ, ತಾರಸಿಯ ನಂತರವೇ ನೋಡಿ. ಆ ಐವರು ನಗುತ್ತ ಕೀಟಲೆ ಮಾಡುವ ಸಣ್ಣ ಸಣ್ಣ ದೃಶ್ಯಗಳಿಗೆ ಬೆಲೆ ಬರುವುದು ಹಾಗೆ ನೋಡಿದಾಗಲೇ. ಅಣ್ಣನ ಕಡೆಯ ಕಥೆ ಬೇಕಿದ್ದರೆ 2025ರಲ್ಲಿ ಬಂದ ಸರಣಿಯ ಸಿನಿಮಾ ಇದೆ. ಅದರಲ್ಲಿ ನಾಗಾನೊ ಪೊಲೀಸರಿಗೇ ಮುಖ್ಯ ಪಾತ್ರ.